ಸೋರುವ ಜೀಪು

"ಒಳಗೆ ಕೂತ್ಕೊಂಡು ನೋಡಮ್ಮ, ಎಲ್ಲಾದ್ರೂ ಸೋರ್ತದಾ ಅಂತ."

ಮುನಿನಾರಾಯಣಪ್ಪ ಜೀಪಿನ ಬಾಗಿಲು ಹಿಡಿದು ನಿಂತಿದ್ದರು. ಸೊಸೆ ಹರಿಣಿ ಸೆರಗು ಬಿಗಿದು ಹತ್ತಿದಳು. ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ ಹಾಕಿದ್ದರಿಂದ ಅದು ಒಂದೇ ಏಟಿಗೆ ಮುಚ್ಚಲಿಲ್ಲ. ಮಾವ ಭುಜ ಕೊಟ್ಟು ತಳ್ಳಿದರು.

ಅದು ಅವಳ ಗಂಡ ಚೈತನ್ಯನ ಜೀಪು. ಅವನು ತೀರಿಹೋದಮೇಲೆ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಳೆಗಾಲವಿಡೀ ನೆನೆದು, ಕಾಲಿಡುವ ತಗಡು ತೂತುಬಿದ್ದಿತ್ತು. ರೇಷ್ಮೆಹುಳು ಮನೆಯಲ್ಲಿರುವಾಗ ಬಣ್ಣದ ಡಬ್ಬಿ ತೆರೆಯುವಂತಿಲ್ಲ. ಆ ವಾಸನೆಗೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ಸಾಯುತ್ತವೆ. ಹಾಗಾಗಿ ರೇಷ್ಮೆಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ದಿನವೇ ಕೆಲಸ ಶುರುವಾಗಿತ್ತು. ಮಾವ ತುಕ್ಕು ಕೆರೆದರು. ಮೈದುನ ಜಗನ್ ತಗಡಿಗೆ ತೇಪೆ ಹಾಕಿಸಿ, ತಳಕ್ಕೆ ಡಾಂಬರಿನಂಥ ಕಪ್ಪು ಬಳಿದ. ಹರಿಣಿ ಹಸಿರು ಹೊಡೆದಳು. ಕೈ ನೀಟಾಗಿದೆ ಎಂದು ಎಲ್ಲರೂ ಹೊಗಳಿದರು.

ನಾಳೆ ಹೊಸ ಹುಳು ಬರುತ್ತವೆ. ಶುಕ್ರವಾರ ಈ ಜೀಪಿನಲ್ಲೇ ಪೆರೇಸಂದ್ರಕ್ಕೆ, ಹರಿಣಿಯ ತವರಿಗೆ ಹೋಗಿ, ಅವಳನ್ನು ಜಗನ್‌ಗೆ ಮದುವೆ ಮಾಡಿ ತಂದುಕೊಳ್ಳುವ ಮಾತು ಮುಗಿಸಬೇಕು. ಅರ್ಧಂಬರ್ಧ ಗಾಡಿಯಲ್ಲಿ ಶುಭಕ್ಕೆ ಹೊರಡುವುದು ಬೇಡವೆಂದು ಅತ್ತೆ ಲಕ್ಷ್ಮೀನರಸಮ್ಮ ಹೇಳಿದ್ದರು. ಮಗನ ಗಾಡಿಯಲ್ಲಿ ಹೋದರೆ ಮಗನೇ ಮುಂದೆ ನಿಂತು ಮಾಡಿಸಿದ ಹಾಗೆ ಎಂದು ಅತ್ತಿದ್ದರು. ಹರಿಣಿಯನ್ನು ಯಾರೂ ಏನೂ ಕೇಳಿರಲಿಲ್ಲ. ಒಳ್ಳೆಯ ಜನ. ಅವಳ ತಟ್ಟೆಗೆ ತುಪ್ಪ ಬಡಿಸಿಯೇ ತಮ್ಮದಕ್ಕೆ ಹಾಕಿಕೊಳ್ಳುವವರು. ಅತ್ತಿಗೆ ಎನ್ನುತ್ತಿದ್ದ ಜಗನ್ ಮಾತ್ರ ಈಚೆಗೆ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ.

ಈಗ ಅವನು ಪೈಪು ಹಿಡಿದಿದ್ದ. ನೀರು ಹೊಸ ಟಾರ್ಪಾಲಿನ ಮೇಲೆ ಬಿದ್ದು ಅಬ್ಬರಿಸಿತು, ಗಾಜಿನ ಮೇಲೆ ಇಳಿಯಿತು. ಅಂಗಳ, ಹುಳುಮನೆ, ಜಗಲಿಯಲ್ಲಿ ಕೂತ ಅತ್ತೆ ಎಲ್ಲವೂ ಕಲಸಿಹೋದವು. ಒಳಗೆ ಬಣ್ಣದ ವಾಸನೆ, ಸೆಕೆ. ಹರಿಣಿ ಹೊಲಿಗೆಗಳನ್ನು ನೋಡಿದಳು, ಗಾಜಿನ ಅಂಚು ಮುಟ್ಟಿದಳು, ಬಗ್ಗಿ ಕಾಲ ಬಳಿ ತಡವಿದಳು. ಎಲ್ಲ ಒಣಗಿತ್ತು. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದರು.

"ಒಂದು ತೊಟ್ಟಾದ್ರೂ ಬಿತ್ತಾ?" ಮಾವ ಹೊರಗಿನಿಂದ ಕೂಗಿದರು.

"ಸೋರ್ತಿದೆ ಮಾವ."

"ಎಲ್ಲಿ?"

ಅವಳು ಒಣಗಿದ ಹೊಲಿಗೆಗಳತ್ತ ಮತ್ತೊಮ್ಮೆ ಕಣ್ಣಾಡಿಸಿದಳು.

ಮುನಿನಾರಾಯಣಪ್ಪ ನೀರಿನಲ್ಲೇ ಸುತ್ತಿ ಬಂದು, ಆಚೆ ಬಾಗಿಲಿನಿಂದ ಸ್ಟೀರಿಂಗ್ ಮುಂದೆ ಕೂತರು. ಹೆಗಲ ಟವೆಲು ತೊಯ್ದಿತ್ತು. ಹೊಲಿಗೆಯುದ್ದಕ್ಕೂ ಬೆರಳಾಡಿಸಿದರು. ತೇಪೆ ಹಾಕಿದ ಕಡೆ ಅಂಗೈ ಒತ್ತಿದರು, ಅಂಗೈ ತಿರುಗಿಸಿ ನೋಡಿದರು. ಹರಿಣಿ ಉಗುರ ಸಂದಿಯ ಹಸಿರನ್ನು ಕೆರೆಯುತ್ತ ಕೂತಿದ್ದಳು.

"ಬೇಡ್ವಾಮ್ಮ?" ಎಂದರು, ಅವಳಿಗಷ್ಟೇ ಕೇಳುವಂತೆ.

ಅವಳ ಉಗುರು ಕೆರೆಯುವುದು ನಿಂತಿತು.

ಜಗಲಿಯಿಂದ ಅತ್ತೆ ಏನಾಯಿತೆಂದು ಕೇಳುತ್ತಿದ್ದರು.

"ಸೋರ್ತದೆ ಕಣೇ," ಮಾವ ಬಾಗಿಲು ಓರೆ ಮಾಡಿ ಹೇಳಿದರು. "ಈಗ ಅಂಟು ಬಳಿದ್ರೆ ವಾಸನೆ ಉಳ್ಕೊಳ್ತದೆ, ಹುಳಕ್ಕಾಗಲ್ಲ. ಶುಕ್ರವಾರ ಹೊರಡೋದು ಬೇಡ. ಹುಳ ಹಣ್ಣಾಗಿ ಗೂಡು ಕಟ್ಲಿ, ಆಮೇಲೆ ನೋಡಣ."

ಎಲ್ಲಿ ಸೋರುತ್ತಿದೆ, ತಾನೇ ಬಂದು ನೋಡುತ್ತೇನೆಂದು ಅತ್ತೆ ಎದ್ದರು. ಜಗನ್ ನೀರು ನಿಲ್ಲಿಸಿದ.

ಮುನಿನಾರಾಯಣಪ್ಪ ಹೆಗಲ ಮೇಲಿನ ಟವೆಲನ್ನು ಎಳೆದುಕೊಂಡು, ಸೊಸೆಯ ಕಾಲ ಬಳಿಯ ತಗಡಿನ ಮೇಲೆ ನಿಧಾನವಾಗಿ ಹಿಂಡಿದರು.