ಕೊಟ್ರಪ್ಪನ ಕುದುರೆಗಳು

ಕೊಟ್ರಪ್ಪನ ಎಂಟುನೂರು ಕುದುರೆಗಳು ನನ್ನ ಕೋಟೆಯ ಬಾಗಿಲಲ್ಲೇ ಹಸಿದು ಸತ್ತ ಭಾನುವಾರ, ಗೆದ್ದ ಖುಷಿಗಿಂತ ಮೊದಲು ನನಗೆ ಬಂದದ್ದು ಅನುಮಾನ.

ತಿಳಿಯದವರಿಗೆ ಹೇಳಿಬಿಡುತ್ತೇನೆ, ಇದು ಕಂಪ್ಯೂಟರ್ ಆಟ. ಹೈಫೋರ್ಟ್ ಎರಡು ಎಂದು ಹೆಸರು. ನಾಲ್ಕು ಜನ, ನಾಲ್ಕು ರಾಜ್ಯ. ಕೋಟೆ ಕಟ್ಟಬೇಕು, ದಂಡು ಕೂಡಿಸಬೇಕು, ಉಳಿದ ಮೂವರನ್ನು ಮುಗಿಸಬೇಕು. ಈ ಆಟದಲ್ಲಿ ಚಳಿಗಾಲ ಬರುತ್ತದೆ. ಅದಕ್ಕೆ ಮೊದಲೇ ಹುಲ್ಲಿನ ಗಾಡಿಗಳನ್ನು ದಂಡಿನ ಹಿಂದೆ ಕಳಿಸದಿದ್ದರೆ ಕುದುರೆಗಳು ಸಾಯುತ್ತವೆ. ಕಳಿಸು ಎಂದು ಆಟ ನೆನಪಿಸುವುದಿಲ್ಲ, ನಾವೇ ನೆನಪಿಟ್ಟು ಕಳಿಸಬೇಕು. ಹೊಸಬ ಮರೆಯುತ್ತಾನೆ. ಇಪ್ಪತ್ತು ವರ್ಷ ಆಡಿದವನು ಮರೆಯುವುದಿಲ್ಲ. ಕೊಟ್ರಪ್ಪ ಗ್ಯಾಸ್ ಬುಕ್ ಮಾಡುವುದನ್ನು ಮರೆತಾನು, ಹೆಂಡತಿಯ ಹುಟ್ಟಿದ ದಿನ ಮರೆತಾನು, ಹುಲ್ಲು ಮರೆಯುವ ಆಸಾಮಿಯಲ್ಲ.

ಆದರೆ ಹೈಫೋರ್ಟ್ ಮೂರರಲ್ಲಿ ಹುಲ್ಲು ತಾನಾಗಿಯೇ ಹೋಗುತ್ತದಂತೆ.

ಆ ಮೂರನೆಯದು ಬಂದು ಮೂರು ವರ್ಷವಾಯಿತು. ನಾನು ಅದನ್ನು ಆಡಿಲ್ಲ, ಆಡುವುದೂ ಇಲ್ಲ. ಆದರೆ ಅದನ್ನು ಬೈದು ಯಾರು ಏನು ಬರೆದರೂ ಹುಡುಕಿಕೊಂಡು ಹೋಗಿ ಓದಿದ್ದೇನೆ. ಬಣ್ಣ ಜಾಸ್ತಿ, ಬುದ್ಧಿ ಕಮ್ಮಿ. ಯೋಚಿಸಬೇಕಾದದ್ದನ್ನೆಲ್ಲ ಆಟವೇ ಯೋಚಿಸುತ್ತದೆ, ಆಡುವವನು ತಿಂಡಿ ತಿನ್ನುತ್ತ ನೋಡುತ್ತಿರಬಹುದು. ಅದು ಬಂದ ಮೇಲೆ ಕಂಪನಿಯವರು ಎರಡನೆಯದನ್ನು ಮಾರುವುದೇ ನಿಲ್ಲಿಸಿದರು, ಅದರ ಸರ್ವರನ್ನೂ ಮುಚ್ಚಿದರು. ನಮಗೇನೂ ಬಾಧೆಯಾಗಲಿಲ್ಲ. ನಮ್ಮ ನಾಲ್ಕು ಹಳೆಯ ಕಂಪ್ಯೂಟರುಗಳು ಬನಶಂಕರಿ ಸೆಕೆಂಡ್ ಸ್ಟೇಜಿನಲ್ಲಿ ಚಿದಾನಂದನ ಮನೆಯ ಮಹಡಿಯ ಮೇಲಿವೆ, ಒಂದಕ್ಕೊಂದು ತಂತಿ ಎಳೆದುಕೊಂಡು. ಅವುಗಳಿಗೆ ಹೊರಗಿನ ಲೋಕದ ಹಂಗಿಲ್ಲ. ಹೈಫೋರ್ಟ್ ಮೂರನ್ನು ಯಾರೂ ಮುಟ್ಟಕೂಡದು ಎಂದು ಅವತ್ತೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವನು ನಾನು, ಉಳಿದ ಮೂವರು ಹೂಂ ಎಂದಿದ್ದರು.

ಆ ಮೂವರು ಯಾರೆಂದರೆ, ಒಬ್ಬ ಚಿದಾನಂದ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವನು. ಇನ್ನೊಬ್ಬ ಕೊಟ್ರಪ್ಪ, ಬಿಟಿಎಂ ಲೇಔಟಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ, ಕೊಟ್ಟೂರಿನ ಕಡೆಯಿಂದ ಬಂದವನು. ಮೂರನೆಯವರು ಜಯಶೀಲಾ, ವಿಮಾ ಆಫೀಸಿನಲ್ಲಿ ಕೆಲಸ. ನಾಲ್ವರಿಗೂ ಪರಿಚಯವಾದದ್ದು ಜಯನಗರ ಫೋರ್ತ್ ಬ್ಲಾಕಿನ ಒಂದು ಬ್ರೌಸಿಂಗ್ ಸೆಂಟರಿನಲ್ಲಿ, ಇಪ್ಪತ್ತು ವರ್ಷದ ಹಿಂದೆ. ಆ ಸೆಂಟರ್ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂತು. ನಮ್ಮ ಭಾನುವಾರ ಮಾತ್ರ ಮುಚ್ಚಲಿಲ್ಲ. ಬೆಳಿಗ್ಗೆ ಎಂಟರಿಂದ ಹನ್ನೆರಡು, ಮಧ್ಯೆ ಚಿದಾನಂದನ ಹೆಂಡತಿ ಅನ್ನಪೂರ್ಣ ಕಳಿಸುವ ಉಪ್ಪಿಟ್ಟು, ಕಾಫಿ. ಹಬ್ಬವಿರಲಿ ಮದುವೆಯಿರಲಿ, ಅದು ತಪ್ಪಿದ್ದು ಕಮ್ಮಿ.

ನಾನು ಸಂಜೀವಯ್ಯ, ಪದ್ಮನಾಭನಗರದಲ್ಲಿ ಗಣಿತದ ಟ್ಯೂಷನ್ ಹೇಳುತ್ತೇನೆ. ಈಗ ಹುಡುಗರು ಫೋನಿನಲ್ಲೇ ಕಲಿಯುತ್ತಾರೆ, ನನ್ನ ಕೋಣೆಯಲ್ಲಿ ಬೆಂಚು ಹೆಚ್ಚು, ತಲೆ ಕಮ್ಮಿ. ವಾರದಲ್ಲಿ ಯಾರಾದರೂ ನನಗಾಗಿ ಗಡಿಯಾರ ನೋಡುವುದಿದ್ದರೆ ಅದು ಭಾನುವಾರ ಎಂಟು ಗಂಟೆಗೆ ಮಾತ್ರ. ಅದಕ್ಕೇ ಕೊಟ್ರಪ್ಪನ ಕುದುರೆಗಳು ನನ್ನನ್ನು ಅಷ್ಟು ಕಾಡಿದವು. ಒಬ್ಬ ಹೊಸದರ ಕಡೆ ಜಾರಿದರೆ ನಾಳೆ ಇನ್ನೊಬ್ಬ, ಆಮೇಲೆ ನಾನೊಬ್ಬನೇ ನಾಲ್ಕು ಕಂಪ್ಯೂಟರಿನ ಧೂಳು ಒರೆಸಿಕೊಂಡು ಕೂರಬೇಕು. ಜೊತೆಗೆ, ಈ ವರ್ಷ ನಾನು ಒಳ್ಳೆಯ ಲಯದಲ್ಲಿದ್ದೆ. ಮೂವತ್ತೊಂದು ಆಟದಲ್ಲಿ ಇಪ್ಪತ್ತಮೂರು ನನ್ನವು. ಇದನ್ನು ನನ್ನ ಹೆಂಡತಿ ಸರ್ವಮಂಗಳಾಗೆ ಪ್ರತಿ ಭಾನುವಾರ ಊಟಕ್ಕೆ ಕೂತಾಗ ಹೇಳಿದ್ದೇನೆ. ಅವಳು ಪ್ರತಿ ಸಲವೂ ಸಾರು ಬಡಿಸಿದ್ದಾಳೆ.

ಮೂವತ್ತು ವರ್ಷ ಕಾಪಿ ಹೊಡೆಯುವವರನ್ನು ಹಿಡಿದವನು ನಾನು. ಅದಕ್ಕೆ ಒಂದೇ ವಿದ್ಯೆ. ಇಬ್ಬರು ಹುಡುಗರ ಉತ್ತರ ಸರಿಯಿದ್ದು ಒಂದೇ ಆಗಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಇಬ್ಬರೂ ಒಂದೇ ತಪ್ಪು ಮಾಡಿದ್ದರೆ ಮಾತ್ರ ಎಬ್ಬಿಸಿ ನಿಲ್ಲಿಸಬೇಕು. ಹಾಗಾಗಿ ಮುಂದಿನ ಭಾನುವಾರ ಆಟಕ್ಕಿಂತ ಹೆಚ್ಚಾಗಿ ಕೊಟ್ರಪ್ಪನ ಕೈ ನೋಡಿದೆ. ಯುದ್ಧ ಶುರುವಾದಾಗಲೆಲ್ಲ ಅವನ ಎಡಗೈ ಹೆಬ್ಬೆರಳು ಸ್ಪೇಸ್ ಬಾರನ್ನು ಟಪಟಪ ಎಂದು ಎರಡು ಸಲ ಒತ್ತುತ್ತಿತ್ತು. ನಮ್ಮ ಆಟದಲ್ಲಿ ಆ ಗುಂಡಿಗೆ ಕೆಲಸವೇ ಇಲ್ಲ. ಮನೆಗೆ ಬಂದು ಹುಡುಕಿದೆ. ಮೂರರಲ್ಲಿ ಅದನ್ನು ಎರಡು ಸಲ ಒತ್ತಿದರೆ ಯುದ್ಧದ ಜಾಗಕ್ಕೆ ನೇರವಾಗಿ ಕರೆದುಕೊಂಡು ಹೋಗುತ್ತದಂತೆ.

ಸೋಮವಾರ ಜಯಶೀಲಾಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಮೂವರಲ್ಲಿ ನಾನು ನಂಬುತ್ತಿದ್ದುದು ಅವರನ್ನೇ. ಕೊಟ್ರಪ್ಪನಿಗೂ ವಯಸ್ಸಾಯಿತು, ಬೆರಳಾಡಿಸುತ್ತಾನೆ ಬಿಡಿ ಎಂದರು. ಸ್ವಲ್ಪ ಬೇಗನೇ ಅಂದರು. ಫೋನ್ ಇಟ್ಟ ಮೇಲೆ ಆ ಬೇಗ ನನಗೆ ಚುಚ್ಚತೊಡಗಿತು. ಯಾರ ಮೇಲೆ ದೂರು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳುವ ಹೆಂಗಸು ಅವರು.

ಅದರ ಮುಂದಿನ ಭಾನುವಾರ ಕಾಫಿ ಲೋಟ ಹಿಡಿದುಕೊಂಡು ಕಾಲು ಜೋಮು ಹಿಡಿಯಿತು ಎಂದು ನೆಪ ಹೇಳಿ ಎದ್ದೆ, ಪರೀಕ್ಷೆಯ ಕೋಣೆಯಲ್ಲಿ ಓಡಾಡುವ ಹಾಗೆ ಎಲ್ಲರ ಬೆನ್ನ ಹಿಂದೆ ಓಡಾಡಿದೆ. ಕೊಟ್ರಪ್ಪನದು ಗೊತ್ತಿದ್ದದ್ದೇ. ಜಯಶೀಲಾರ ಹೆಬ್ಬೆರಳೂ ಟಪಟಪ ಎಂದಿತು. ಚಿದಾನಂದನದೂ ಎಂದಿತು. ಮೂವರದೂ ಒಂದೇ ತಪ್ಪು. ಒಬ್ಬ ಕಳ್ಳನನ್ನು ಹುಡುಕಲು ಹೊರಟವನಿಗೆ ಇಡೀ ತರಗತಿಯೇ ಸಿಕ್ಕಿಬಿದ್ದರೆ ಏನು ಮಾಡಬೇಕೆಂದು ಯಾವ ಶಾಲೆಯಲ್ಲೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಅನ್ನಪೂರ್ಣ ತಟ್ಟೆಗಳನ್ನು ತಂದರು. "ನಿನ್ನೇನೂ ಉಪ್ಪಿಟ್ಟೇ ಆಯ್ತು, ಇವತ್ತೂ ಅದೇ. ಬೇಜಾರ್ ಮಾಡ್ಕೋಬೇಡಿ," ಎಂದರು. ಹೇಳಿದ ಮೇಲೆ ನನ್ನ ಕಡೆ ನೋಡಿ, ಚಟ್ನಿ ತರುತ್ತೇನೆ ಎಂದು ಇಳಿದು ಹೋದರು. ಚಟ್ನಿ ತಟ್ಟೆಯಲ್ಲೇ ಇತ್ತು. ನಿನ್ನೆ ನಾನು ಅಲ್ಲಿ ಉಪ್ಪಿಟ್ಟು ತಿಂದಿರಲಿಲ್ಲ. ಯಾರು ತಿಂದಿದ್ದರೆಂದು ಕೇಳುವ ಅಗತ್ಯವೂ ಇರಲಿಲ್ಲ.

ಆ ವಾರವನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅಳುವೂ ಬರುತ್ತಿತ್ತು. ಪಾಠದ ಮಧ್ಯೆ ಒಂದು ಲೆಕ್ಕವನ್ನು ಎರಡು ಸಲ ತಪ್ಪು ಬಿಡಿಸಿದೆ. ಶನಿವಾರ ಬಂತು. ಹತ್ತು ಗಂಟೆಗೆ ಸ್ಕೂಟರ್ ತೆಗೆದುಕೊಂಡು ಬನಶಂಕರಿಗೆ ಹೋದೆ.

ಅನ್ನಪೂರ್ಣ ಬಾಗಿಲಲ್ಲೇ ಸಿಕ್ಕಿದರು. ಇವತ್ತು ಶನಿವಾರ ಅಲ್ಲವಾ ಎಂದರು. ಹೌದು, ನನಗೂ ಕ್ಯಾಲೆಂಡರ್ ಓದಲು ಬರುತ್ತದೆ ಎಂದು ಮೆಟ್ಟಿಲು ಹತ್ತಿದೆ. ಆಮೇಲೆ ಪಾಪ ಅನಿಸಿತು, ಅವರದೇನು ತಪ್ಪು. ಮಹಡಿಯ ಕೋಣೆಯ ಹೊರಗೆ ಮೂರು ಜೊತೆ ಚಪ್ಪಲಿಗಳಿದ್ದವು. ಬಾಗಿಲು ತಳ್ಳಿದೆ.

ನಮ್ಮ ನಾಲ್ಕು ಹಳೆಯ ಕಂಪ್ಯೂಟರುಗಳ ಮೇಲೆ ಹಳೆ ಬೆಡ್‌ಶೀಟ್ ಹೊದಿಸಿತ್ತು. ಕೋಣೆಯ ನಡುವೆ ಒಂದು ಮಡಚುವ ಟೇಬಲ್, ಅದರ ಮೇಲೆ ಮೂರು ಲ್ಯಾಪ್‌ಟಾಪ್, ಮೂರರ ಮುಂದೆ ನನ್ನ ಮೂವರು. ನನ್ನನ್ನು ಕಂಡು ಯಾರೂ ಏಳಲಿಲ್ಲ, ಏಳುವುದಕ್ಕೂ ಆಗದ ಹಾಗೆ ಕೂತಿದ್ದರು. ಚಿದಾನಂದನ ಕೈ ಲ್ಯಾಪ್‌ಟಾಪ್ ಮುಚ್ಚಲು ಹೋಗಿ ಅರ್ಧಕ್ಕೇ ನಿಂತಿತು.

ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಮೊದಲು ಅವರ ಹಿಂದೆ ಹೋಗಿ ಪರದೆ ನೋಡಿದೆ. ಹೈಫೋರ್ಟ್ ಮೂರು. ಕೆಂಪು, ನೀಲಿ, ಹಳದಿ ರಾಜ್ಯಗಳು ಒಂದನ್ನೊಂದು ಸುಟ್ಟು ಕರಿ ಮಾಡಿಕೊಂಡಿದ್ದವು. ದಕ್ಷಿಣದಲ್ಲಿ ಒಂದು ಹಸಿರು ರಾಜ್ಯವಿತ್ತು. ಅದರಲ್ಲಿ ಸೇತುವೆಗಳು, ತುಂಬಿದ ಕಣಜಗಳು, ಎತ್ತರದ ಗೋಡೆ.

"ಇದ್ಯಾರು, ಹಸಿರು?" ಎಂದೆ.

ಜಯಶೀಲಾ ತಲೆಯೆತ್ತದೆ ಹೇಳಿದರು, "ನೀವು, ಮೇಷ್ಟ್ರೇ."

ಆಮೇಲೆ ಮೂವರೂ ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತ ಹೇಳಿದರು. ಒಂದೂವರೆ ವರ್ಷದ ಹಿಂದೆ ಸುಮ್ಮನೆ ನೋಡೋಣ ಎಂದು ಶುರು ಮಾಡಿದ್ದಂತೆ. ನಾಲ್ಕನೆಯ ರಾಜ್ಯಕ್ಕೆ ಯಾರೂ ಇಲ್ಲದ ಕಾರಣ ಅದನ್ನು ಕಂಪ್ಯೂಟರಿಗೇ ಬಿಟ್ಟು, ನನ್ನ ಹೆಸರು ಕೊಟ್ಟರಂತೆ. ಎರಡು ಮೂರು ವಾರದಲ್ಲಿ ನನ್ನನ್ನು ಹೇಗಾದರೂ ಒಪ್ಪಿಸಿ ಕರೆತರಬೇಕೆಂದಿದ್ದರಂತೆ. ಪ್ರತಿ ವಾರ ನೀನು ಹೇಳು, ನೀನು ಹೇಳು ಎಂದು ಒಬ್ಬರ ಮೇಲೊಬ್ಬರು ಹಾಕಿಕೊಂಡು ಒಂದೂವರೆ ವರ್ಷ ಕಳೆಯಿತಂತೆ.

ಹಸಿರು ರಾಜ್ಯದ ಗಡಿಯನ್ನು ಉದ್ದಕ್ಕೂ ನೋಡಿದೆ. ಎಲ್ಲೂ ಒಂದು ಕಲ್ಲು ಬಿದ್ದಿರಲಿಲ್ಲ. ಇದನ್ನು ಯಾಕೆ ಯಾರೂ ಮುಟ್ಟಿಲ್ಲ ಎಂದು ಕೇಳಿದೆ.

"ನೀವಿಲ್ದಾಗ ನಿಮ್ಮ ಕೋಟೆಗೆ ಹೆಂಗ್ ನುಗ್ಗಾದು ಮೇಷ್ಟ್ರೇ," ಎಂದ ಕೊಟ್ರಪ್ಪ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕರಗಿ ನೀರಾಗುತ್ತಿದ್ದರು. ನಾನೂ ಅರೆಬರೆ ಕರಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಉತ್ತರಪತ್ರಿಕೆ ತಿದ್ದಿ ತಿದ್ದಿ ಕೆಟ್ಟ ತಲೆ ನನ್ನದು, ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಶನಿವಾರ ನನ್ನನ್ನು ಹೊಡೆಯಲು ಕೈ ಬಾರದವರಿಗೆ ಭಾನುವಾರ ಹೇಗೆ ಬರುತ್ತದೆ?

"ಭಾನುವಾರ?" ಎಂದೆ.

"ಭಾನುವಾರ ಏನು ಮೇಷ್ಟ್ರೇ?" ಎಂದ ಚಿದಾನಂದ. ಪ್ರಶ್ನೆಯನ್ನೇ ತಿರುಗಿ ಕೇಳುವ ಹುಡುಗನಿಗೆ ಉತ್ತರ ಗೊತ್ತಿರುತ್ತದೆ.

ನಾನು ಕೊಟ್ರಪ್ಪನ ಕಡೆ ತಿರುಗಿದೆ. "ಆ ಹುಲ್ಲು ಮರ್ತಿದ್ದೋ, ಬಿಟ್ಟಿದ್ದೋ?"

"ಬಿಟ್ಟಿದ್ದು," ಎಂದ.

ನಾನು ಹಿಡಿದ ಕಾಪಿ ನಿಜವಾಗಿತ್ತು, ಹಿಡಿದ ಗುರುತು ಮಾತ್ರ ತಪ್ಪಾಗಿತ್ತು. ಅವನ ಕೈ ಹಳೆಯ ಆಟವನ್ನು ಮರೆತಿರಲೇ ಇಲ್ಲ. ಬೇಕೆಂದೇ ಎಂಟುನೂರು ಕುದುರೆಗಳನ್ನು ನನ್ನ ಬಾಗಿಲಲ್ಲಿ ಸಾಯಿಸಿದ್ದ. ಇಪ್ಪತ್ತಮೂರು ಗೆಲುವುಗಳಲ್ಲಿ ನನ್ನವು ಎಷ್ಟು ಎಂದು ಕೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಕೇಳಿದ್ದರೆ ಅವರು ಹೇಳುತ್ತಿದ್ದರು ಎಂಬುದೇ ನನ್ನ ಭಯವಾಗಿತ್ತು.

ಯಾಕೆ ಎಂದು ಮಾತ್ರ ಕೇಳಿದೆ. ಜಯಶೀಲಾ ಉತ್ತರ ಕೊಟ್ಟರು. "ಹೋದ್ವರ್ಷ ಆರು ವಾರ ಸೋತ್ರಿ. ಏಳನೇ ವಾರದಿಂದ ಬರ್ಲಿಲ್ಲ. ಜ್ವರ ಅಂದ್ರಿ. ಒಂದು ತಿಂಗಳು ಫೋನ್ ಎತ್ತಲಿಲ್ಲ. ನೀವಿಲ್ದೆ ನಾವಿಲ್ಲಿ ಬಂದು ಕೂತ್ಕೊಂಡು ವಾಪಸ್ ಹೋಗ್ತಿದ್ವಿ."

ಜ್ವರ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆಗ ಮನೆಯಲ್ಲಿ ಕೂತು, ಇವರೆಲ್ಲ ನನ್ನ ಮೇಲೆ ಒಂದಾಗಿದ್ದಾರೆ, ಮೋಸ ಮಾಡಿ ಸೋಲಿಸುತ್ತಿದ್ದಾರೆ ಎಂದು ಸರ್ವಮಂಗಳಾಗೆ ಹೇಳುತ್ತಿದ್ದೆ.

ಬೆಡ್‌ಶೀಟ್ ಎಳೆದು ಹಾಕಿದೆ. ಆ ಲ್ಯಾಪ್‌ಟಾಪ್ ಮುಚ್ಚಿ, ಹಳೆಯದನ್ನು ಹಾಕಿ, ಹೊಡೆಯಿರಿ ನನ್ನನ್ನು ಎಂದೆ. ಮೂವರೂ ಮುಖ ಮುಖ ನೋಡಿಕೊಂಡರು. ಚಿದಾನಂದ ಎದ್ದು ಸ್ವಿಚ್ ಹಾಕಿದ. ನಾಲ್ಕು ಫ್ಯಾನುಗಳು ಗುರ್ ಎಂದು ತಿರುಗಿದವು.

ಚಳಿಗಾಲಕ್ಕೆ ಮೊದಲೇ ಕೊಟ್ರಪ್ಪನ ಹುಲ್ಲಿನ ಗಾಡಿಗಳು ಹೊರಟವು. ನೋಡುತ್ತಿದ್ದೆ, ಏನೂ ಮಾಡಲಾಗಲಿಲ್ಲ. ಜಯಶೀಲಾ ನದಿಯ ಕಡೆಯಿಂದ ಬಂದರು. ನಾನು ಒಂದು ಕಡೆ ಬಿಲ್ಲಾಳುಗಳನ್ನು ಓಡಿಸುವಷ್ಟರಲ್ಲಿ ಅವರು ಮೂರು ಕಡೆ ಏಣಿ ಹಾಕಿದ್ದರು. ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದದ್ದು ಬೆರಳಿಗೆ ಬರುವ ಹೊತ್ತಿಗೆ ಗೋಡೆ ಬಿದ್ದಿರುತ್ತಿತ್ತು. ಬಾಗಿಲು ಮುರಿದಾಗ ಕೊಟ್ರಪ್ಪನ ಕೈ ನಿಂತಿತು. "ನಿಲ್ಲಿಸ್ಬೇಡ," ಎಂದೆ. ಅವನು ನಿಲ್ಲಿಸಲಿಲ್ಲ. ಆಟ ಮುಗಿದಾಗ ಐವತ್ತು ನಿಮಿಷವೂ ಆಗಿರಲಿಲ್ಲ.

ಯಾರೂ ನನ್ನನ್ನು ನೋಡಲಿಲ್ಲ. ನಾಳೆ ನಾನು ಬರುತ್ತೇನೋ ಇಲ್ಲವೋ ಎಂದು ಮೂವರೂ ಕಾಯುತ್ತಿದ್ದರು. ಎದ್ದು ಹೋಗಿ ಇನ್ನೆಂದೂ ಈ ಮೆಟ್ಟಿಲು ಹತ್ತಬಾರದು ಅನಿಸಿತು, ಅಷ್ಟು ಅವಮಾನವಾಗಿತ್ತು. ಆದರೆ ಆ ಒಂದು ತಿಂಗಳಿನ ಭಾನುವಾರಗಳು ಹೇಗಿದ್ದವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾಳೆ ಎಂಟಕ್ಕೇ ಬರುತ್ತೇನೆ, ಬೇಕೆಂದೇ ಸೋತವರ ಕಿವಿ ಹಿಂಡುತ್ತೇನೆ ಎಂದು ಹೇಳಿ ಇಳಿದೆ.

ಭಾನುವಾರ ಸೋತೆ. ಅದರ ಮುಂದಿನ ಭಾನುವಾರವೂ ಸೋತೆ. ಮನೆಗೆ ಹೋಗಿ ಸೋತೆ ಎಂದು ಹೇಳಿದರೆ ಸರ್ವಮಂಗಳಾ ಆಗಲೂ ಸಾರು ಬಡಿಸಿದಳು. ಮೂರನೆಯ ವಾರ ಗೆದ್ದೆ. ನದಿಯ ದಡದಲ್ಲಿ ಕೊಟ್ರಪ್ಪನನ್ನು ಸುತ್ತುಗಟ್ಟಿ, ಅವನ ದಂಡನ್ನು ನೀರಿಗಿಳಿಸಿ, ಹನ್ನೊಂದೂವರೆಗೆಲ್ಲ ಮುಗಿಸಿದೆ. ಅಂಥ ಆಟ ನನ್ನ ಕೈಯಿಂದ ಬಂದು ವರ್ಷಗಳೇ ಆಗಿದ್ದವು. ಚಿದಾನಂದ ಎದ್ದು ಬಂದು ಕೈ ಕುಲುಕಿದ.

ಮನೆಗೆ ಬಂದವನು ಊಟ ಮಾಡಲಿಲ್ಲ. ಕೊಟ್ರಪ್ಪ ಆ ದಂಡನ್ನು ನದಿಯ ದಡದಲ್ಲಿ ಯಾಕೆ ಅಷ್ಟು ಹೊತ್ತು ನಿಲ್ಲಿಸಿದ್ದ? ಸೇತುವೆ ಹತ್ತಿರವೇ ಇತ್ತು. ನಾಲ್ಕು ಗಂಟೆಯವರೆಗೆ ಯೋಚಿಸಿ, ತಡೆಯಲಾರದೆ ಫೋನ್ ಮಾಡಿದೆ. ನಿಜ ಹೇಳು ಎಂದೆ.

"ಕೊಟ್ಟೂರೇಶ್ವರನ ಆಣೆಗೂ ನೀವೇ ಗೆದ್ದಿದ್ದು ಮೇಷ್ಟ್ರೇ," ಎಂದ ಕೊಟ್ರಪ್ಪ.

ಹುಡುಗರು ಯಾವಾಗ ದೇವರ ಆಣೆ ಇಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಅವನು ಹೇಳಿದ್ದು ನಿಜವೇ ಇರಬಹುದು. ನಂಬಬೇಕೆಂದು ಬಹಳ ಆಸೆಯಾಯಿತು, ನಂಬಿಕೆ ಬರಲಿಲ್ಲ, ಇನ್ನು ಬರುವುದೂ ಇಲ್ಲವೇನೋ. ಸರಿ, ಭಾನುವಾರ ಎಂಟಕ್ಕೆ ಸಿಗೋಣ ಎಂದು ಫೋನ್ ಇಟ್ಟೆ.