ಎರಡು ಸಾವಿರದಲ್ಲಿ ನಲವತ್ತು

ಮೇಷ್ಟ್ರು ಮೌಸನ್ನು ಎಡಗೈಯಲ್ಲಿ ಹಿಡಿದರು. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಸ್ವಲ್ಪ ಹೊತ್ತು ನೋಡಿಕೊಳ್ಳಿ ಎಂದು ಯಾರೋ ಇಟ್ಟುಹೋದ ವಸ್ತುವಿನ ಹಾಗೆ.

"ಅವಸರ ಏನಿಲ್ಲ ಸಾರ್," ಎಂದರು ಮ್ಯಾನೇಜರ್. "ಅರ್ಧ ಗಂಟೆ ಇದೆ. ಆರಾಮಾಗಿ ಮಾಡಿ."

ಮೇಷ್ಟ್ರು ತಲೆಯಾಡಿಸಿದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಈ ಕೋಣೆಯಲ್ಲಿ ಕೂತು ಕೆಲಸ ಮಾಡುವ ಪ್ರತಿಯೊಬ್ಬರಿಗೂ ಕೆಲಸ ಕಲಿಸಿದ್ದು ಅವರೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಆಸ್ಪತ್ರೆ, ಬಸ್ಸು, ನೀರು ಸರಬರಾಜು ಎಂದು ನೂರೆಂಟು ಗ್ರಾಹಕರ ಸರ್ವರ್‌ಗಳನ್ನು ಹಗಲೂ ರಾತ್ರಿ ಕಾಯುವ ಕೋಣೆ ಅದು. ಒಂದೊಂದು ಸರ್ವರ್‌ಗೂ ಪರದೆಯ ಮೇಲೆ ಒಂದೊಂದು ಪುಟ್ಟ ಚೌಕ. ಚೆನ್ನಾಗಿದ್ದರೆ ಹಸಿರು, ಉಸಿರು ನಿಂತರೆ ಕೆಂಪು. ಕೆಂಪಾದದ್ದು ಯಾವುದೆಂದು ಹುಡುಕಿ, ಐದು ನಿಮಿಷದೊಳಗೆ ಸಂಬಂಧಪಟ್ಟವರಿಗೆ ಫೋನ್ ಮಾಡಿ ಹೇಳಬೇಕು. ಕೆಲಸ ಅಷ್ಟೇ. ಮೇಷ್ಟ್ರು ಅದನ್ನು ಇಪ್ಪತ್ತೆರಡು ವರ್ಷ ಮಾಡಿದ್ದರು. "ಮದುವೆಯಾದ ಹೊಸದರಲ್ಲಿ ನಾನು ಸರ್ವರ್ ಕೆಲಸ ಅಂದ್ರೆ ನಮ್ಮನೆಯವಳು ಯಾವ ಹೋಟ್ಲಲ್ಲಿ ಅಂತ ಕೇಳಿದ್ಳು," ಎಂದು ಹೊಸಬರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಲಕ್ವ ಹೊಡೆದು ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿದೆ ಎಂದರು ಡಾಕ್ಟರು. ಕಾಲು ತಕ್ಕಮಟ್ಟಿಗೆ ವಾಪಸು ಬಂತು. ಮಾತು ಪೂರ್ತಿ ಬರಲಿಲ್ಲ. ಬಂದ ಮಾತೂ ದಾರಿ ತಪ್ಪುತ್ತಿತ್ತು. ಚಮಚ ಬೇಕಾದಾಗ ಕಿಟಕಿ ಕೊಡು ಎನ್ನುತ್ತಿದ್ದರು. ಅಕ್ಷರಗಳು ಕಣ್ಣಿಗೆ ಕಾಣುತ್ತಿದ್ದವು, ಆದರೆ ಒಂದಕ್ಕೊಂದು ಕೂಡಿಕೊಳ್ಳುತ್ತಿರಲಿಲ್ಲ. ಕುಳಿತು ಮಾಡುವ ಕೆಲಸವಾದರೆ ಆಫೀಸಿನವರೇ ಪರೀಕ್ಷಿಸಿ ನೋಡಲಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಇವತ್ತಿನದು ಆ ಪರೀಕ್ಷೆ.

ಕುರ್ಚಿಯ ಹಿಂದೆ ನಿಂತಿದ್ದ ಶಿಫ್ಟ್ ಲೀಡರ್ ಹುಡುಗಿಗೆ ಪರದೆಯ ಮೇಲೆ ಏನಿದೆ ಎಂದು ಗೊತ್ತಿತ್ತು. ಹುಡುಗಿ ಎಂದು ಕರೆಯುತ್ತಿದ್ದವರು ಮೇಷ್ಟ್ರೊಬ್ಬರೇ, ಅವಳಿಗೀಗ ಮೂವತ್ತೆರಡು. ಮೂರು ಪ್ರಶ್ನೆಗಳು ಏನೆಂದು ಮ್ಯಾನೇಜರ್ ನಿನ್ನೆಯೇ ಅವಳಿಗೆ ತೋರಿಸಿದ್ದರು. ಎಲ್ಲರೂ ಮನೆಗೆ ಹೋದ ಮೇಲೆ ಅವಳು ಮೇಷ್ಟ್ರು ಕೂರಲಿದ್ದ ಕಂಪ್ಯೂಟರಿನಲ್ಲಿ ಒಂದು ಫಿಲ್ಟರ್ ಹಾಕಿಟ್ಟಿದ್ದಳು. ಎರಡು ಸಾವಿರದ ಮುನ್ನೂರ ಹದಿನಾರು ಸರ್ವರ್‌ಗಳಲ್ಲಿ ನಲವತ್ತು ಮಾತ್ರ ಕಾಣುವ ಹಾಗೆ. ಎಲ್ಲವೂ ಹಳೆಯವು, ಮೇಷ್ಟ್ರೇ ಹೆಸರಿಟ್ಟವು, ನಿದ್ದೆಗಣ್ಣಲ್ಲೂ ಗುರುತು ಹಿಡಿಯುವಂಥವು. ಮೂರೂ ಉತ್ತರ ಆ ನಲವತ್ತರಲ್ಲೇ ಇದ್ದವು. ಇದೇನು ಮೋಸವಲ್ಲ, ಯಾರು ಬೇಕಾದರೂ ತಮಗೆ ಬೇಕಾದ್ದನ್ನು ಮಾತ್ರ ಕಾಣುವ ಹಾಗೆ ಇಟ್ಟುಕೊಳ್ಳಬಹುದು ಎಂದು ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಅವಳಿಗೆ ಅವರ ಋಣವಿತ್ತು. ಸೇರಿದ ಮೊದಲ ತಿಂಗಳು, ಹಿಂದಿನ ದಿನ ತಾನೇ ಹಾಕಿದ್ದ ಫಿಲ್ಟರ್ ತೆಗೆಯಲು ಮರೆತು, ಎಲ್ಲ ಹಸಿರಿದೆ ಎಂದು ವರದಿ ಬರೆದಿದ್ದಳು. ಫಿಲ್ಟರಿನ ಆಚೆ ಒಂದು ಆಸ್ಪತ್ರೆಯ ಹದಿನೇಳು ಸರ್ವರ್‌ಗಳು ಒಂದು ಗಂಟೆ ಕಾಲ ಕೆಂಪಗೆ ಕೂತಿದ್ದವು. ಅವತ್ತಿನ ಮ್ಯಾನೇಜರ್ ಅವಳನ್ನು ಮನೆಗೆ ಕಳಿಸುವುದರಲ್ಲಿದ್ದ. ಮೇಷ್ಟ್ರು ಅಡ್ಡ ಬಂದು, "ತಪ್ಪು ನಂದು, ನಾನು ಹೇಳ್ಕೊಟ್ಟಿರ್ಲಿಲ್ಲ," ಎಂದಿದ್ದರು. ಆಮೇಲೆ ಅವಳನ್ನು ಪಕ್ಕ ಕೂರಿಸಿಕೊಂಡು ಪರದೆಯ ಬಲಮೂಲೆಗೆ ಬೆರಳಿಟ್ಟು ತೋರಿಸಿದ್ದರು. "ಮೊದ್ಲು ಇಲ್ಲಿ ನೋಡು ಹುಡುಗಿ. ಎಷ್ಟರಲ್ಲಿ ಎಷ್ಟು ಕಾಣ್ತಿದೆ ಅಂತ ಇಲ್ಲಿರುತ್ತೆ. ಮಿಕ್ಕಿದ್ದು ಕಾಣ್ತಿಲ್ಲ ಅಷ್ಟೇ, ಇಲ್ಲ ಅಂತಲ್ಲ."

"ಮೊದಲನೇದು ಸಾರ್," ಎಂದು ಮ್ಯಾನೇಜರ್ ಚೀಟಿಯೊಂದನ್ನು ಕೀಬೋರ್ಡಿನ ಪಕ್ಕ ಇಟ್ಟರು. "ಈ ಹೆಸರಿನ ಸರ್ವರ್ ಎಲ್ಲಿದೆ ಹುಡುಕ್ಬೇಕು."

ಮೇಷ್ಟ್ರು ಚೀಟಿ ನೋಡಲಿಲ್ಲ. ಅವರ ಕಣ್ಣು ಬಲಮೂಲೆಗೆ ಹೋಗಿ ಅಲ್ಲೇ ನಿಂತಿತು.

ಅಕ್ಷರ ಮರೆತವರಿಗೂ ಅದೊಂದು ನೆನಪಿರಬಹುದು ಎಂದು ಅವಳು ಯೋಚಿಸಿರಲೇ ಇಲ್ಲ.

ಅವರು ನಿಧಾನವಾಗಿ ಕತ್ತು ತಿರುಗಿಸಿ ಅವಳನ್ನು ನೋಡಿದರು. ಮುಖದ ಒಂದು ಭಾಗ ಮಾತ್ರ ನಕ್ಕಿತು. ಅವಳು ಕಣ್ಣಲ್ಲೇ ಬೇಡಿಕೊಂಡಳು, ಇರಲಿ ಬಿಡಿ ಮೇಷ್ಟ್ರೇ ಎಂದು. ಅವರು ಪರದೆಯ ಕಡೆ ತಿರುಗಿ, ಎಡಗೈಯಿಂದ ಮೌಸನ್ನು ತಳ್ಳುತ್ತಾ, ಒಮ್ಮೆ ಗುರಿ ತಪ್ಪಿ, ಮತ್ತೆ ಸರಿಪಡಿಸಿಕೊಂಡು, ಫಿಲ್ಟರನ್ನು ತೆಗೆದುಹಾಕಿದರು.

ನಲವತ್ತು ಚೌಕಗಳಿದ್ದಲ್ಲಿ ಎರಡು ಸಾವಿರದ ಮುನ್ನೂರ ಹದಿನಾರು ತುಂಬಿಕೊಂಡವು. ಸಾಸಿವೆ ಚೆಲ್ಲಿದಂತೆ ಪರದೆಯ ತುಂಬ ಹಸಿರು.

ಮೇಷ್ಟ್ರು ಚೀಟಿ ಎತ್ತಿಕೊಂಡರು. ಒಂದೊಂದೇ ಅಕ್ಷರವನ್ನು ಚೀಟಿಯಲ್ಲಿ ನೋಡಿ, ಕೀಬೋರ್ಡಿನಲ್ಲಿ ಹುಡುಕಿ, ಎಡಗೈಯ ತೋರುಬೆರಳಿನಿಂದ ಒತ್ತಿದರು. ಮೊದಲ ಮೂರು ಸರಿಯಾಗಿ ಬಿದ್ದವು. ಚೌಕಗಳು ನೂರಕ್ಕೆ ಇಳಿದವು. ನಾಲ್ಕನೆಯದು ತಪ್ಪಿತು. ಯಾವುದೂ ಸಿಗಲಿಲ್ಲ ಎಂದಿತು ಖಾಲಿ ಪರದೆ. ಅಳಿಸಿದರು. ಮತ್ತೆ ಮೊದಲಿಂದ. ಹಣೆಯ ಮೇಲೆ ಬೆವರು ಮೂಡಿತು. ಮೂರನೆಯ ಸಲವೂ ಪರದೆ ಖಾಲಿಯಾದಾಗ ಮ್ಯಾನೇಜರ್ ಗಂಟಲು ಸರಿ ಮಾಡಿಕೊಂಡರು.

"ಅದು ಬಿಡಿ ಸಾರ್. ಎರಡನೇದೂ ಹೆಸರು ಹುಡುಕೋದೇ, ಅದೂ ಬೇಡ. ಕೊನೇದು ಮಾಡೋಣ. ಈಗ ಒಂದನ್ನ ನಾವೇ ಬೇಕಂತ ನಿಲ್ಲಿಸಿದೀವಿ. ಯಾವುದು ಅಂತ ಹೇಳಿ."

ಮೇಷ್ಟ್ರು ಹುಡುಕುವ ಜಾಗ ಖಾಲಿ ಮಾಡಿ, ಎಲ್ಲ ಚೌಕಗಳನ್ನೂ ಮತ್ತೆ ತಂದುಕೊಂಡರು. ಪರದೆಯನ್ನು ಕೆಳಗೆ ಸರಿಸುತ್ತಾ ಹೋದರು. ಅವರ ಬೆನ್ನು ನೆಟ್ಟಗಾಯಿತು. ಹತ್ತು ಸೆಕೆಂಡೂ ಆಗಿರಲಿಲ್ಲ, ಬೆರಳು ಒಂದು ಚೌಕದ ಮೇಲೆ ನಿಂತಿತು. ಕೆಂಪು.

"ಹಾಂ!" ಎಂದು ಮ್ಯಾನೇಜರ್ ಮುಂದಕ್ಕೆ ಬಾಗಿದರು. ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಅದೇ ಸಾರ್, ಅದೇ. ಈಗ ಫೋನಲ್ಲಿ ಗ್ರಾಹಕರಿದಾರೆ ಅಂದ್ಕೊಳ್ಳಿ. ಏನು ನಿಂತಿದೆ ಅಂತ ಅವ್ರಿಗೆ ಹೇಳಿ."

ಮೇಷ್ಟ್ರು ಬಾಯಿ ತೆರೆದರು. ಚೌಕದ ಪಕ್ಕದ ಹೆಸರನ್ನೇ ದಿಟ್ಟಿಸಿದರು. ಅವರಿಗೆ ಗೊತ್ತಿತ್ತು. ಅದು ಯಾರದು, ಅದು ನಿಂತರೆ ಯಾರಿಗೆ ತೊಂದರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲವೂ ಗೊತ್ತಿತ್ತೆಂದು ಅವರ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

"ಬಾಗಿಲು," ಎಂದರು. ತಲೆ ಕೊಡವಿದರು. "ಅಲ್ಲ. ಅದು... ಬಾಗಿಲು. ಬಾಗಿಲು."

ಪಕ್ಕದ ಮೇಜುಗಳಲ್ಲಿ ಕೂತಿದ್ದವರು ತಮ್ಮ ತಮ್ಮ ಪರದೆಯಲ್ಲೇ ಮುಖ ಹುದುಗಿಸಿದ್ದರು.

ಮ್ಯಾನೇಜರ್ ಫಾರ್ಮನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಕರೆದರು. "ನಾನೂ ಅವ್ರ ಹತ್ರಾನೇ ಕಲ್ತಿದ್ದು. ನನ್ನ ಕೈಯಲ್ಲಿ ಬರಿಯಕ್ಕಾಗಲ್ಲ. ಶಿಫ್ಟ್ ನಿನ್ನದು, ನೀನು ಆಗುತ್ತೆ ಅಂದ್ರೆ ನಾನು ಸುಮ್ಮನೆ ಸಹಿ ಹಾಕ್ತೀನಿ." ಹೇಳಿ ಹೊರಗೆ ಹೋಗಿಬಿಟ್ಟರು.

ಅವಳು ಕುರ್ಚಿ ಎಳೆದುಕೊಂಡು ಮೇಷ್ಟ್ರ ಪಕ್ಕ ಕೂತಳು. ಫಾರ್ಮಿನ ಕೊನೆಯಲ್ಲಿ, ಒಬ್ಬರೇ ಶಿಫ್ಟ್ ನಿಭಾಯಿಸಬಲ್ಲರೇ ಎಂಬ ಪ್ರಶ್ನೆಯ ಮುಂದೆ ಎರಡು ಚೌಕಗಳಿದ್ದವು, ಹೌದು ಮತ್ತು ಇಲ್ಲ. ಅವಳ ಪೆನ್ನು ಮೊದಲನೆಯದರ ಮೇಲೆ ಹೋಯಿತು.

"ನೀನು ಬಚ್ಚಿಟ್ಟೆ," ಎಂದರು ಮೇಷ್ಟ್ರು. ಈ ಮಾತು ಎಲ್ಲೂ ದಾರಿ ತಪ್ಪದೆ ಬಂದಿತ್ತು. ಬೈದ ಹಾಗಿರಲಿಲ್ಲ.

"ಯಾಕೆ ತೆಗೆದ್ರಿ ಮೇಷ್ಟ್ರೇ? ಹಾಗೇ ಬಿಟ್ಟಿದ್ರೆ ಆಗಿಹೋಗ್ತಿತ್ತಲ್ಲ. ನಾವೆಲ್ಲ ಇರ್ತಿದ್ವಿ. ನೋಡ್ಕೋತಿದ್ವಿ."

ಅವರು ಉತ್ತರ ಹುಡುಕಿದರು. ತುಟಿ ಎರಡು ಸಲ ಆಡಿತು. ಆಮೇಲೆ ಆ ಪ್ರಯತ್ನ ಬಿಟ್ಟು, ಎಡಗೈ ಚಾಚಿ, ಅವಳ ಪೆನ್ನಿನ ತುದಿಯನ್ನು ಮೆಲ್ಲಗೆ ಎರಡನೆಯ ಚೌಕದ ಮೇಲಕ್ಕೆ ಸರಿಸಿದರು. ಅವಳು ಗುರುತು ಹಾಕುವವರೆಗೂ ಕೈ ತೆಗೆಯಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅವರ ಹೆಂಡತಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಬಾಗಿಲು ತೆರೆದದ್ದೇ ಎದ್ದು ನಿಂತರು.

"ಹೇಗಾಯ್ತಮ್ಮಾ? ಸೋಮವಾರದಿಂದ ಬರ್ಬಹುದಾ? ದಿನಾ ಬೆಳಿಗ್ಗೆ ಎಂಟಕ್ಕೆ ಶರಟು ಹಾಕ್ಕೊಂಡು ರೆಡಿಯಾಗಿ ಕೂತಿರ್ತಾರೆ. ಎಲ್ಲಿಗೆ ಅಂದ್ರೆ ಮಾತಿಲ್ಲ."

ಅವಳು ಬಾಯಿ ಬಿಡುವ ಮೊದಲೇ ಮೇಷ್ಟ್ರು ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. ಆಕೆ ಗಂಡನ ಮುಖ ನೋಡಿದರು, ಅವಳ ಮುಖ ನೋಡಿದರು. ಗಂಡನ ಕಾಲರಿನ ಮಡಿಕೆ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

"ಲಿಫ್ಟಲ್ಲಿ ಹೋಗಿ ಅಕ್ಕಾ," ಎಂದಳು ಅವಳು.

"ಬೇಡಮ್ಮ. ಮೆಟ್ಟಿಲಿಳೀವಾಗ ಜೋರಾಗಿ ಎಣಿಸ್ಬೇಕು ಅಂದಿದಾರೆ ಮಾತು ಕಲಿಸೋರು. ಅದೊಂದು ಮಾತ್ರ ಇವ್ರಿಗೆ ತಪ್ಪೋದೇ ಇಲ್ಲ."

ಮೇಷ್ಟ್ರು ಎಡಗೈಯಲ್ಲಿ ಕಂಬಿ ಹಿಡಿದರು. ಹೆಂಡತಿ ಬಲತೋಳಿಗೆ ಕೈ ಕೊಟ್ಟರು. "ಒಂದು," ಎಂದರು ಮೇಷ್ಟ್ರು. "ಎರಡು. ಮೂರು." ಹಳೆಯ ದನಿ, ಹೊಸಬರಿಗೆ ಪಾಠ ಹೇಳುತ್ತಿದ್ದ ಅದೇ ದನಿ. ತಿರುವಿನಲ್ಲಿ ಇಬ್ಬರೂ ಮರೆಯಾದರು. ಅವಳು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದಳು. ಕೆಳಗಿಂದ ಹನ್ನೊಂದು, ಹನ್ನೆರಡು ಎಂದು ಸ್ಪಷ್ಟವಾಗಿ ಕೇಳಿಸುತ್ತಿತ್ತು, ಅದರ ಹಿಂದೆಯೇ ಒಂದು ಚಪ್ಪಲಿ ಎಳೆದುಕೊಂಡು ಇಳಿಯುವ ಸದ್ದು.