ಮೂರನೇ ತಕ್ಕಡಿ

“ಎರಡನೇ ತಕ್ಕಡಿ. ಒಂದು ಕೆಜಿ ಇಟ್ಟೆ, ಒಂದು ಕೆಜಿ ತೋರಿಸ್ತು. ಸರಿ, ಬರ್ಕೋ,” ಎಂದು ಗುಲಗಂಜಿ ಮಾವ ಹಿತ್ತಾಳೆಯ ತೂಕವನ್ನೆತ್ತಿ ಬಟ್ಟೆಯಲ್ಲಿ ಒರೆಸಿದರು. ಮಗಳು ಕೌಂಟರಿನ ಈಚೆ ನಿಂತು ರಿಜಿಸ್ಟರಿನಲ್ಲಿ ಬರೆದುಕೊಂಡಳು. ವರ್ಷಕ್ಕೊಮ್ಮೆ, ಅಕ್ಕಿಯಿಂದ ಫ್ರಿಜ್‌ವರೆಗೆ ಎಲ್ಲ ಮಾರುವ ಈ ದೊಡ್ಡ ಅಂಗಡಿಯ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ, ಕೆಟ್ಟದ್ದನ್ನು ರಿಪೇರಿ ಮಾಡುವುದು ಮಾವನ ಕೆಲಸ. ಅಪ್ಪ ಕೂಗುವುದು, ಮಗಳು ಬರೆಯುವುದು, ಅವಳು ಹೈಸ್ಕೂಲಿನಲ್ಲಿದ್ದಾಗಿನಿಂದ ನಡೆದುಬಂದ ಪದ್ಧತಿ.

ತೂಕದಲ್ಲಿ ಗುಲಗಂಜಿಯಷ್ಟು ಹೆಚ್ಚುಕಮ್ಮಿಯನ್ನೂ ಬಿಡುವವರಲ್ಲ ಎಂದು ಅಂಗಡಿಯವರೇ ಅವರಿಗಿಟ್ಟ ಹೆಸರು ಅದು. ಮಾವನಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಜೀವಮಾನದಲ್ಲಿ ಅವರು ಯಾರ ಹತ್ತಿರವೂ ಸಾಲ ಮಾಡಿದವರಲ್ಲ. ಕಾಲು ಮುರಿದ ಕುರ್ಚಿಗೆ ಇಟ್ಟಿಗೆ ಆನಿಸಿ ಆರು ವರ್ಷ ಕೂತರೇ ಹೊರತು ಕಂತಿನ ಮೇಲೆ ಹೊಸದನ್ನು ತರಲಿಲ್ಲ. “ನಿಮ್ಮ ಹೆಮ್ಮೆ ಮೇಲೆ ನೀವೇ ಕೂತ್ಕೊಳ್ಳಿ, ನನಗೆ ಚಾಪೆ ಸಾಕು,” ಎನ್ನುತ್ತಿದ್ದರು ಹೆಂಡತಿ.

ಮೂರು ವರ್ಷದ ಹಿಂದೆ ಮಗಳ ಹೆಸರಿನಲ್ಲಿ ಫ್ರಿಜ್ ಕೊಂಡಾಗಲೂ ಇದೇ ಅಂಗಡಿಯಲ್ಲಿ ಪೂರ್ತಿ ಹಣ ಎಣಿಸಿ ಕೊಟ್ಟಿದ್ದರು. ಸೇಲ್ಸ್‌ನವನು ಮಗಳ ಮುಂದೆ ನಾಲ್ಕು ಹಾಳೆ ಇಟ್ಟು, ವಾರಂಟಿಗೆ ಸಹಿ ಬೇಕು, ಫೋನಿಗೆ ಬರುವ ನಂಬರನ್ನೂ ಹೇಳಿ ಎಂದಿದ್ದ. ಅವಳು ಓದಲು ಹೊರಟರೆ ಮಾವನೇ ಅವಸರ ಮಾಡಿದರು: “ಸಹಿ ಹಾಕಮ್ಮ. ಸಾಲ ಮಾಡೋರು ಓದ್ಬೇಕು ಕಾಗದಾನ. ದುಡ್ಡು ಕೊಟ್ಟು ತಗೊಳ್ಳೋರಿಗೇನು?”

ಅವು ಸಾಲದ ಹಾಳೆಗಳೇ ಆಗಿದ್ದವು. ಅವನು ಹಣವನ್ನು ಜೇಬಿಗಿಳಿಸಿ, ಫ್ರಿಜ್ ಕಂತಿನಲ್ಲಿ ಹೋಯಿತೆಂದು ತೋರಿಸಿ, ಅನುಮಾನ ಬಾರದಂತೆ ಐದಾರು ಕಂತು ತಾನೇ ಕಟ್ಟಿ, ಕೆಲಸ ಬಿಟ್ಟು ಹೋದ. ಬಾಕಿ ಕೇಳಿಕೊಂಡು ಕರೆಗಳು ಬಂದವು. ಮಾವನೇ ಮಗಳ ಫೋನು ಕಸಿದುಕೊಂಡು, “ನಮಗೆಲ್ಲಿಯ ಸಾಲ? ಮೋಸ ಮಾಡೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ,” ಎಂದು ಕರೆ ಕತ್ತರಿಸಿದ್ದರು.

ನಿಜ ಗೊತ್ತಾದದ್ದು ಈಗ, ಮಗಳು ಬ್ಯಾಂಕಿನ ಕೆಲಸಕ್ಕೆ ಆಯ್ಕೆಯಾದ ಮೇಲೆ. ಸಾಲ ತೀರಿಸದವರಂತೆ ಅವಳ ಕ್ರೆಡಿಟ್ ಸ್ಕೋರ್ ಐನೂರ ನಲವತ್ತಕ್ಕಿಳಿದದ್ದು ಕಂಡು ಬ್ಯಾಂಕಿನವರು ಹುಬ್ಬೇರಿಸಿದರು. ತಪ್ಪು ತಮ್ಮದೆಂದು ಅಂಗಡಿಯವರೇ ಬರೆದುಕೊಟ್ಟರೆ ನೋಡೋಣ, ಎಂಟು ದಿನದೊಳಗೆ ತನ್ನಿ ಎಂದರು. ಮನೆಯಲ್ಲಿದ್ದ ಬಿಲ್ಲಿನಲ್ಲಿ ನಗದೋ ಕಂತೋ ಎಂಬುದೇ ಇರಲಿಲ್ಲ. ಅಂಗಡಿಯ ಮ್ಯಾನೇಜರ್ ಆರು ದಿನವೂ ‘ನಾಳೆ ಬನ್ನಿ’ ಎಂದು ಸಾಗಹಾಕಿದ. ಇವತ್ತು ಮಾತ್ರ ಟೈಪಾದ ಪತ್ರ, ಅಂಗಡಿಯ ಮೊಹರು ಸಮೇತ, ಅವನ ಕೈಯಲ್ಲಿತ್ತು. “ಮೊದಲು ನಮ್ಮ ಕೆಲಸ ಮುಗಿಸಿ ಯಜಮಾನ್ರೇ, ಇದು ಎಲ್ಲಿಗೂ ಓಡಿಹೋಗಲ್ಲ,” ಎಂದು ನಕ್ಕಿದ್ದ.

ಮಾವ ಮೂರನೇ ತಕ್ಕಡಿಯ ಮೇಲೆ ತೂಕ ಇಟ್ಟರು. ಕೆಂಪು ಅಂಕಿಗಳು ಒಂದು ಕೆಜಿ ಇಪ್ಪತ್ತು ಗ್ರಾಂ ತೋರಿಸಿದವು. ತೆಗೆದು ಮತ್ತೆ ಇಟ್ಟರು. ಅಷ್ಟೇ. ಅಕ್ಕಿ, ಸಕ್ಕರೆ ತೂಗುವ ಕೌಂಟರು ಅದು. ಒಂದು ಕೆಜಿ ಎಂದು ಕೊಂಡವರಿಗೆಲ್ಲ ಎಷ್ಟು ದಿನದಿಂದ ಕಡಿಮೆ ಹೋಗುತ್ತಿತ್ತೋ.

ಮ್ಯಾನೇಜರ್ ಹತ್ತಿರ ಬಂದು ದನಿ ತಗ್ಗಿಸಿದ. “ಇದು ರಿಜಿಸ್ಟರಿಗೆ ಬಂದ್ರೆ ದಂಡ ಬೀಳತ್ತೆ, ನನ್ನ ತಲೆಗೇ ಬರತ್ತೆ. ಸರಿ ಇದೆ ಅಂತ ಬರೆಸ್ಬಿಡಿ. ನಾಳೇನೇ ಹೊಸದು ತರಿಸ್ತೀನಿ. ನಿಮ್ಮ ಕಾಗದ ನಿಮಗೆ, ನೀವೂ ಖುಷಿಯಾಗಿ ಹೋಗಿ.”

ಮಾವ ಆ ಪತ್ರದ ಕಡೆ ನೋಡಿದರು. ನಲವತ್ತು ವರ್ಷದಲ್ಲಿ ಇಂಥ ಮಾತು ಹೇಳಿದವರನ್ನೆಲ್ಲ ಅವರು ಅಂಗಡಿಯಲ್ಲೇ ಎಲ್ಲರೆದುರು ಬೈದು ಬಂದಿದ್ದರು. ಇವತ್ತು ಬೈಗುಳ ನಾಲಿಗೆಗೆ ಬರಲಿಲ್ಲ. ಏಳು ರಾತ್ರಿಯಿಂದ ಅವರಿಗೆ ನಿದ್ದೆಯಿರಲಿಲ್ಲ. ಸಹಿ ಹಾಕಮ್ಮ ಎಂದವರು ಯಾರು? ಕರೆಗಳನ್ನು ಕತ್ತರಿಸಿದವರು ಯಾರು? ಮಗಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಮೂರನೇ ತಕ್ಕಡಿ,” ಎಂದರು. “ಒಂದು ಕೆಜಿ. ಸರಿ.”

ಮಗಳ ಪೆನ್ನು ಹಾಳೆಯ ಮೇಲೆ ನಿಂತಿತು. ಅಪ್ಪನ ದನಿ ಯಾವತ್ತೂ ಇಷ್ಟು ಸಣ್ಣಗಿರುತ್ತಿರಲಿಲ್ಲ. ಅವಳು ಕೌಂಟರು ಬಳಸಿ ಬಂದು ಅಂಕಿಗಳನ್ನು ನೋಡಿದಳು. ಮ್ಯಾನೇಜರನ ಕೈಯಲ್ಲಿದ್ದ ಪತ್ರವನ್ನೂ ನೋಡಿದಳು. ಅದೇ ಜಾಗದಲ್ಲಿ ನಿಂತು ರಿಜಿಸ್ಟರಿನಲ್ಲಿ ಬರೆದಳು.

“ಇಪ್ಪತ್ತು ಗ್ರಾಂ ಜಾಸ್ತಿ ತೋರಿಸ್ತಿದೆ ಅಪ್ಪ. ಹಾಗೇ ಬರ್ದಿದ್ದೀನಿ.”

“ನಿನ್ನ ಕೆಲಸ ಹೋಗತ್ತೆ ಕಣಮ್ಮ,” ಎಂದರು ಮಾವ, ಅವಳಿಗೆ ಮಾತ್ರ ಕೇಳುವಂತೆ. “ನನ್ನಿಂದಾದ ಎಡವಟ್ಟು ಇದು. ಒಂದೇ ಒಂದ್ಸಲ ಕಣ್ಣು ಮುಚ್ಕೋ.”

“ಆವತ್ತು ಕಣ್ಣು ಮುಚ್ಕೊಂಡು ಸಹಿ ಹಾಕಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು?”

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ್ದರಿಂದಲೇ ಅದು ಮಾವನಿಗೆ ಹೆಚ್ಚು ತಾಗಿತು. ಅವರು ಚೀಲದಿಂದ ‘ಬಳಸಬಾರದು’ ಎಂಬ ಕೆಂಪು ಚೀಟಿ ತೆಗೆದು, ದಾರ ಬಿಗಿದು, ತಕ್ಕಡಿಗೆ ಕಟ್ಟಿದರು. ಅಕ್ಕಿಗಾಗಿ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಕತ್ತು ಚಾಚಿ ನೋಡಿ, ಕೈಯಲ್ಲಿದ್ದ ಚೀಲಗಳನ್ನು ಕೌಂಟರಿನ ಮೇಲಿಟ್ಟು, ತಮ್ಮ ಸಕ್ಕರೆಯನ್ನು ಇನ್ನೊಂದು ಸಲ ತೂಗಿಸಿಕೊಡಿ ಎಂದರು.

ಮ್ಯಾನೇಜರ್ ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡ. “ನಾಳೆ ಬನ್ನಿ,” ಎಂದ.

“ನಾಳೆ ಬ್ಯಾಂಕಿಗೆ ಹೋಗಿ ನಡೆದದ್ದನ್ನ ಹೇಳ್ತೀನಿ. ಕೆಲಸ ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ,” ಎಂದಳು ಮಗಳು. ರಿಜಿಸ್ಟರನ್ನು ಅವನ ಕಡೆ ತಿರುಗಿಸಿದಳು. “ಆಮೇಲೆ ಗ್ರಾಹಕರ ಕೋರ್ಟಿಗೆ ಹೋಗ್ತೀನಿ. ಆ ಕಾಗದ ಅಲ್ಲಿ ಕೇಳ್ತಾರೆ ಸಾರ್, ಜೋಪಾನವಾಗಿ ಇಟ್ಕೊಳ್ಳಿ. ಈಗ ಇಲ್ಲೊಂದು ಸಹಿ ಹಾಕಿ. ಓದಿ ಹಾಕಿ.”

ಸಾಲಿನಲ್ಲಿದ್ದವರು ನೋಡುತ್ತಿದ್ದರು. ಅವನು ಸಹಿ ಹಾಕಿ ಒಳಗೆ ಹೋದ.

ಇನ್ನೊಂದು ತಕ್ಕಡಿ ಬಾಕಿಯಿತ್ತು. ಮಾವ ತೂಕಕ್ಕೆ ಕೈ ಚಾಚಿದರು. ಮಗಳು ಅದನ್ನು ತಾನೇ ಎತ್ತಿಕೊಂಡು, ಪೆನ್ನನ್ನು ಅವರ ಕೈಗಿಟ್ಟಳು.

“ನೀನು ಬರಿ ಅಪ್ಪ. ನಾನು ಓದ್ತೀನಿ.”

ಮಾವ ಕನ್ನಡಕ ಸರಿಮಾಡಿಕೊಂಡು ರಿಜಿಸ್ಟರಿನ ಮೇಲೆ ಬಗ್ಗಿದರು. “ನಾಲ್ಕನೇ ತಕ್ಕಡಿ,” ಎಂದು ಮಗಳು ಇಡೀ ಅಂಗಡಿಗೆ ಕೇಳುವಂತೆ ಕೂಗಿದಳು. ಅವಳ ಗುಂಡು ಅಕ್ಷರಗಳ ಕೆಳಗಿನ ಸಾಲಿನಲ್ಲಿ ಮಾವ, ಅವಳು ಹೇಳಿದ್ದನ್ನು ಹೇಳಿದ ಹಾಗೆ, ಒಂದೊಂದೇ ಅಂಕಿಯಾಗಿ ಬರೆದರು.